ಟ್ರ್ಯಾಕ್ಟರ್ ಕ್ಲಚ್ ಬದಲಿಸುವಾಗ ಪೆಡಲ್ ಸಡಿಲ ಮರೆಯಬೇಡಿ

ಗದ್ದೆಗೆ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಇಳಿದಾಗ ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗದು, ಜತೆಗೆ ಸುಟ್ಟ ವಾಸನೆ. ಕ್ಲಚ್ ಪ್ಲೇಟ್ ಹೋಯಿತೆಂದು ಬಿಚ್ಚಿಸುವ ಮೊದಲು ಕ್ಲಚ್ ಪೆಡಲ್ ನೋಡಿ. ಕೈಯಿಂದ ಅದುಮಿದರೆ ಬಿಗಿ ಸಿಗುವವರೆಗೆ ಅದು ಸಲೀಸಾಗಿ ಇಳಿಯಬೇಕು. ಬಹಳಷ್ಟು ಗಾಡಿಗಳಲ್ಲಿ ಈ ಸಡಿಲ 20ರಿಂದ 30 ಮಿ.ಮೀ. ಇರುತ್ತದೆ, ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಳತೆಯೇ ಅಂತಿಮ. ಪ್ಲೇಟ್ ಸವೆದಂತೆ ಸಡಿಲ ಕಡಿಮೆಯಾಗುತ್ತದೆ. ಪೂರ್ತಿ ಹೋದರೆ, ಪೆಡಲ್ ಒತ್ತಿದಾಗ ಮಾತ್ರ ತಾಗಬೇಕಾದ ರಿಲೀಸ್ ಬೇರಿಂಗ್ ಪ್ಲೇಟ್ ಬಿಡಿಸುವ ಲಿವರ್‌ಗಳಾದ ಫಿಂಗರ್‌ಗಳನ್ನು ಸದಾ ಒತ್ತಿಕೊಂಡಿದ್ದು ಪ್ಲೇಟ್ ಜಾರುತ್ತದೆ. ಪೆಡಲ್ ರಾಡ್ ಹೊಂದಿಸಿ ಸಡಿಲ ಕೊಟ್ಟ ಮೇಲೂ ಜಾರಿದರೆ ಮಾತ್ರ ಬಿಚ್ಚಿ.

ಬಿಚ್ಚುವುದೆಂದರೆ ಗಾಡಿಯನ್ನು ಎಂಜಿನ್, ಗೇರ್‌ಬಾಕ್ಸ್ ನಡುವೆ ಎರಡು ಭಾಗ ಮಾಡುವುದು. ನೆಲ ಸಮತಟ್ಟಾಗಿರಲಿ. ಬ್ಯಾಟರಿ ವೈರ್ ಕಳಚಿ. ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ತೂಗುವುದರಿಂದ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಆಕ್ಸಲ್, ಎಂಜಿನ್ ನಡುವೆ ಎರಡೂ ಬದಿ ಮರದ ಬೆಣೆ ಬಡಿಯದೆ ಒಂದು ಬೋಲ್ಟನ್ನೂ ಮುಟ್ಟಬೇಡಿ. ಎರಡೂ ಭಾಗದ ಅಡಿಗೆ ಗಟ್ಟಿ ಸ್ಟ್ಯಾಂಡ್ ಇರಬೇಕು, ಜ್ಯಾಕ್ ಒಂದನ್ನೇ ನಂಬಬಾರದು.

ಹಳೆ ಪ್ಲೇಟ್ ತೆಗೆಯುವಾಗ ಯಾವ ಮುಖ ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಕಡೆಗಿತ್ತು ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಒಳಗೆ ಎಣ್ಣೆ ಇದ್ದರೆ ಬೆರಳಿಗೆ ತಾಗಿಸಿ ನೋಡಿ: ಕಪ್ಪಗೆ ತೆಳುವಾಗಿದ್ದರೆ ಎಂಜಿನ್ ಕ್ರ್ಯಾಂಕ್‌ನ ಹಿಂದಿನ ಸೀಲ್ ಹೋಗಿದೆ, ಮಂದವಾಗಿ ಘಾಟು ವಾಸನೆ ಬಂದರೆ ಗೇರ್‌ಬಾಕ್ಸ್ ಸೀಲ್. ಸೀಲ್ ಹಾಗೇ ಬಿಟ್ಟು ಹೊಸ ಪ್ಲೇಟ್ ಹಾಕುವುದು ದುಡ್ಡು ಸುಟ್ಟಂತೆ. ಫ್ಲೈವೀಲ್ ಮೇಲೆ ಗೀರು, ನೀಲಿ ಕಲೆ ಇದ್ದರೆ ಲೇತ್‌ಗೆ ಕಳಿಸಿ, ಬಿರುಕಿದ್ದರೆ ಫ್ಲೈವೀಲನ್ನೇ ಬದಲಿಸಿ. ರಿಲೀಸ್ ಬೇರಿಂಗ್, ಜತೆಗೆ ಫ್ಲೈವೀಲ್‌ನ ಮಧ್ಯದಲ್ಲಿರುವ ಪೈಲಟ್ ಬೇರಿಂಗ್ ಎರಡನ್ನೂ ಹೊಸದು ಹಾಕಿ. ಸೀಲ್ ಇರುವ ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದರೆ ಒಳಗಿನ ಗ್ರೀಸ್ ಹೋಗುತ್ತದೆ.

ಹೊಸ ಪ್ಲೇಟನ್ನು ಡಮ್ಮಿ ಶಾಫ್ಟ್‌ನಿಂದ ನಡುಮಧ್ಯಕ್ಕೆ ಕೂರಿಸಿ, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್‌ನ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪ್ಲೇಟ್‌ನ ಲೈನಿಂಗ್‌ಗೆ (ಉಜ್ಜುವ ಮುಖ) ಗ್ರೀಸ್ ಕೈ ತಾಗಬಾರದು. ಸ್ಪ್ಲೈನ್‌ಗೆ (ಶಾಫ್ಟ್ ಹಲ್ಲು) ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಮುಂದಿನದು ಹೆಚ್ಚಿನವರು ಕಣ್ಣಂದಾಜಿನಲ್ಲಿ ಮುಗಿಸುವ ಕೆಲಸ: ಫಿಂಗರ್ ಎತ್ತರ. ಎಲ್ಲ ಫಿಂಗರ್‌ಗಳೂ ಒಂದೇ ಮಟ್ಟದಲ್ಲಿರಬೇಕು, ಗೇಜ್ ಅಥವಾ ವರ್ನಿಯರ್‌ನಿಂದ ಅಳೆಯಿರಿ. ಒಂದು ಮೇಲೆ ಒಂದು ಕೆಳಗಿದ್ದರೆ ಪ್ಲೇಟ್ ಒಂದೇ ಬದಿ ಬಿಡುತ್ತದೆ, ಗಾಡಿ ಹೊರಡುವಾಗ ಗಡಗಡ ಅದುರುತ್ತದೆ, ಗೇರ್ ಕಿರ್ರೆನ್ನುತ್ತದೆ.

ಜೋಡಿಸುವಾಗ ಶಾಫ್ಟ್ ಹಲ್ಲು ಕೂಡದಿದ್ದರೆ ಫ್ಲೈವೀಲ್ ನಿಧಾನ ತಿರುಗಿಸಿ. ಬೋಲ್ಟ್ ಬಿಗಿದು ಎಳೆದರೆ ಪ್ಲೇಟ್‌ನ ಹಬ್ ಸೊಟ್ಟಗಾಗುತ್ತದೆ. ಕೊನೆಗೆ ಪೆಡಲ್ ಸಡಿಲ ಹೊಂದಿಸಿ ಲಾಕ್‌ನಟ್ ಬಿಗಿ ಮಾಡಿ. ಡಬಲ್ ಕ್ಲಚ್ ಇದ್ದರೆ ಅರ್ಧ ಒತ್ತಿದಾಗ ಗಾಡಿ ನಿಂತು ಪಿಟಿಒ (ಉಪಕರಣ ತಿರುಗಿಸುವ ಹಿಂದಿನ ಶಾಫ್ಟ್) ತಿರುಗುತ್ತಿರಬೇಕು, ಪೂರ್ತಿ ಒತ್ತಿದಾಗ ಪಿಟಿಒ ಕೂಡ ನಿಲ್ಲಬೇಕು. ಮೊದಲ ಕೆಲವು ದಿನ ಭಾರದ ಟ್ರೇಲರ್ ಬೇಡ. ಪ್ಲೇಟ್ ಕೂತ ಮೇಲೆ ಸಡಿಲ ಮತ್ತೊಮ್ಮೆ ಅಳೆಯಿರಿ.

ಗಂಗಾವತಿ, ಸಿಂಧನೂರು ಕಡೆಯ ಭತ್ತದ ರೈತರಿಗೆ ಇನ್ನೊಂದು ಮಾತು. ಕ್ಲಚ್ ಹೌಸಿಂಗ್ ಅಡಿಯಲ್ಲಿ ತೂತಿದ್ದರೆ ಕೆಸರಿಗಿಳಿಯುವ ಮೊದಲು ಪ್ಲಗ್ ಹಾಕಿ, ಕೆಸರು ಮುಗಿದ ದಿನವೇ ತೆಗೆಯಿರಿ. ಸೀಲ್ ಸೋರಲು ಶುರುವಾದರೆ ಮೊದಲ ಹನಿ ಕಾಣುವುದು ಅಲ್ಲೇ.