ಇಂಜಿನ್ ಸ್ಟಾರ್ಟ್ ಮಾಡುವ ಕೀ ಬಾಗಿಲು ಮಾತ್ರ ತೆರೆಯುವುದಿಲ್ಲ

ಮಲ್ಪೆ ಕಡೆಯವರೊಬ್ಬರಿಂದ ಹಳೆಯ ಹ್ಯಾಚ್‌ಬ್ಯಾಕ್ ತಗೊಂಡೆ. ಇಂಜಿನ್ ಚೆನ್ನಾಗಿತ್ತು, ಎಸಿ ಚೆನ್ನಾಗಿತ್ತು. ರಿಮೋಟ್ ಒತ್ತಿದರೆ ನಾಲ್ಕೂ ಬಾಗಿಲು ಟಕ್ ಎಂದು ತೆರೆಯುತ್ತಿತ್ತು. ಡ್ರೈವರ್ ಬಾಗಿಲಿನ ತೂತಿಗೆ ಕೀ ಹಾಕಿದರೆ ಪೂರ್ತಿ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಅದೇ ಕೀ ಇಗ್ನಿಷನ್‌ನಲ್ಲಿ ಆರಾಮಾಗಿ ತಿರುಗುತ್ತದೆ. ಮಾರಿದವರಿಗೆ ಫೋನ್ ಮಾಡಿದೆ. "ಕೀ ಹಾಕಿ ತೆರೆದದ್ದೇ ಇಲ್ಲ ಮಾರ್ರೆ, ರಿಮೋಟ್ ಉಂಟಲ್ಲ" ಅಂದರು.

ರಿಮೋಟ್ ಇದ್ದ ಮೇಲೆ ಕೀ ಯಾಕೆ ಅಂತ ಅನಿಸಬಹುದು. ಉಡುಪಿಯ ಇಂದ್ರಾಳಿ ರೈಲ್ವೆ ಸ್ಟೇಷನ್‌ನಲ್ಲಿ ಕಾರು ನಿಲ್ಲಿಸಿ ಮುಂಬಯಿಗೆ ಹೋಗಿ ಬರುವಷ್ಟರಲ್ಲಿ ಕಾರಿನ ಬ್ಯಾಟರಿ ಇಳಿದುಹೋಗಿದ್ದರೆ ರಿಮೋಟ್ ಇದ್ದೂ ಇಲ್ಲದ ಹಾಗೆ. ಬಾನೆಟ್ ತೆರೆಯುವ ಲಿವರ್ ಕಾರಿನ ಒಳಗಿದೆ. ಬಾಗಿಲು ತೆರೆಯದೆ ಬಾನೆಟ್ ಇಲ್ಲ, ಬಾನೆಟ್ ತೆರೆಯದೆ ಜಂಪ್ ಸ್ಟಾರ್ಟ್ (ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡುವುದು) ಇಲ್ಲ. ನನ್ನ ಕಾರಿನಲ್ಲಿ ಎಡಗಡೆ ಬಾಗಿಲಿಗೆ ಕೀ ತೂತೇ ಇಲ್ಲ. ಹಾಗಾಗಿ ಈ ಒಂದನ್ನು ಸರಿ ಮಾಡಲೇಬೇಕಿತ್ತು.

ಕೀ ತಿರುಗದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಲಾಕ್ ಒಳಗೆ ಹಿಡಿದುಕೊಂಡಿರಬೇಕು, ಕೀ ಸವೆದಿರಬೇಕು, ಇಲ್ಲವೇ ಆ ಬಾಗಿಲಿನ ಲಾಕನ್ನು ಯಾರೋ ಹಿಂದೆ ಬದಲಾಯಿಸಿರಬೇಕು. ಯಾವುದು ಅಂತ ಗೊತ್ತಾಗುವ ತನಕ ಜೋರು ಮಾಡಬಾರದು. ಮಡಚುವ ಕೀಯ ಬುಡದಲ್ಲಿರುವುದು ಒಂದು ಸಣ್ಣ ಪಿನ್, ಅಷ್ಟೇ. ಇಕ್ಕಳ ಹಿಡಿದು ತಿರುಗಿಸಿದರೆ ಅದು ಮುರಿಯುತ್ತದೆ, ಇಲ್ಲವೇ ಅಲಗು ತುಂಡಾಗಿ ಲಾಕ್ ಒಳಗೇ ಉಳಿಯುತ್ತದೆ.

ಕರಾವಳಿಯಲ್ಲಿ ಮೊದಲ ಅನುಮಾನ ಉಪ್ಪು ಗಾಳಿಯ ಮೇಲೆಯೇ. ವರ್ಷಗಟ್ಟಲೆ ಯಾರೂ ಮುಟ್ಟದ ತೂತು, ಮೇಲೆ ನಾಲ್ಕು ತಿಂಗಳ ಮಳೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯೂಡಿ-40ರ ಸಣ್ಣ ನಳಿಗೆ ಒಳಗಿಟ್ಟು ಚೆನ್ನಾಗಿ ಹೊಡೆದೆ. ಕೆಳಗಿನಿಂದ ಕಪ್ಪು ನೀರು ಇಳಿಯಿತು. ಕೀ ಹಾಕಿ ತೆಗೆದು, ಒರೆಸಿ, ಮತ್ತೆ ಹಾಕಿದೆ. ಕೀ ಈಗ ಸಲೀಸಾಗಿ ಒಳಗೆ ಹೋಗಿ ಬರುತ್ತಿತ್ತು. ಆದರೂ ತಿರುಗಲಿಲ್ಲ.

ಆಗ ಬ್ಯಾರೆಲ್, ಅಂದರೆ ಕೀ ಹಾಕಿ ತಿರುಗಿಸುವ ಲಾಕಿನ ಉರುಳೆ, ಹೊರಗೆ ತೆಗೆದೆ. ಬಾಗಿಲಿನ ಅಂಚಿನಲ್ಲಿ, ಹಿಡಿಕೆಯ ಮಟ್ಟಕ್ಕೆ, ಒಂದು ಕಪ್ಪು ರಬ್ಬರ್ ಮುಚ್ಚಳ ಇರುತ್ತದೆ. ಅದರ ಹಿಂದಿನ ಸ್ಕ್ರೂ ಸಡಿಲ ಮಾಡಿದರೆ ಕೀ ತೂತಿನ ಭಾಗ ಹಿಂದಕ್ಕೆ ಜಾರಿ ಕೈಗೆ ಬರುತ್ತದೆ. ಸ್ಕ್ರೂ ಪೂರ್ತಿ ತೆಗೆದು ಬಾಗಿಲಿನ ಹೊಟ್ಟೆಯೊಳಗೆ ಬೀಳಿಸಿಕೊಳ್ಳಬೇಡಿ. ಬಾಗಿಲು ತೆರೆದಿಟ್ಟೇ ಕೆಲಸ ಮಾಡಿ. ಎಲ್ಲ ಕಾರಿನಲ್ಲೂ ಇಷ್ಟು ಸುಲಭ ಇಲ್ಲ. ಕೆಲವದರಲ್ಲಿ ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿ, ಲಾಕಿಗೆ ಸೇರಿದ ರಾಡ್‌ನ ಕ್ಲಿಪ್ ತೆಗೆಯಬೇಕು.

ಬ್ಯಾರೆಲ್ ಒಳಗೆ ಸಾಲಾಗಿ ತೆಳು ಹಿತ್ತಾಳೆ ತಗಡುಗಳಿವೆ, ಒಂದೊಂದಕ್ಕೂ ಒಂದು ಪುಟ್ಟ ಸ್ಪ್ರಿಂಗ್. ಸರಿಯಾದ ಕೀ ಹಾಕಿದಾಗ ಎಲ್ಲ ತಗಡೂ ಒಂದೇ ಮಟ್ಟಕ್ಕೆ ಬಂದು ನಿಲ್ಲಬೇಕು. ಒಂದು ಹೊರಗೆ ಉಳಿದರೂ ಬ್ಯಾರೆಲ್ ತಿರುಗುವುದಿಲ್ಲ. ಹಸಿರು ಕಿಲುಬನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದೆ. ಕೀ ಹಾಕಿ ಉಗುರು ಆಡಿಸಿ ನೋಡಿದೆ. ತುದಿ ಕಡೆಯ ಎರಡು ತಗಡು ಕೂದಲೆಳೆಯಷ್ಟು ಹೊರಗೇ ಇದ್ದವು. ಬೇರೆ ಲಾಕ್ ಆಗಿದ್ದರೆ ತಗಡುಗಳು ಅಡ್ಡಾದಿಡ್ಡಿ ನಿಲ್ಲುತ್ತಿದ್ದವು. ಇಲ್ಲಿ ಸ್ವಲ್ಪವೇ ಕೊರತೆ. ಅಂದರೆ ಸವಕಲು ಕೀ.

ಹಾಗಾದರೆ ಇಗ್ನಿಷನ್‌ನಲ್ಲಿ ಹೇಗೆ ತಿರುಗುತ್ತದೆ? ದಿನಾ ಬಳಸಿ ಬಳಸಿ ಆ ಲಾಕೂ ಕೀ ಜೊತೆಗೇ ಸವೆದಿದೆ. ಒಂದಕ್ಕೊಂದು ಹೊಂದಿಕೊಂಡುಬಿಟ್ಟಿವೆ. ಬಾಗಿಲಿನ ಲಾಕ್ ಮಾತ್ರ ಹೊಸದರ ಹಾಗೇ ಉಳಿದಿದೆ. ಅದಕ್ಕೆ ಹೊಸ ಕೀಯ ಹಲ್ಲೇ ಬೇಕು.

ಮಾರಿದವರ ಹತ್ತಿರ ಎರಡನೇ ಕೀ ಕಪಾಟಿನಲ್ಲಿ ಸುಮ್ನೆ ಬಿದ್ದಿತ್ತು. ತಂದು ಹಾಕಿದೆ, ಬ್ಯಾರೆಲ್ ತಿರುಗಿತು. ಎರಡನ್ನೂ ಮಂಗಳೂರಿನ ಹಂಪನಕಟ್ಟೆ ಕಡೆಯ ಕೀ ಮಾಡುವವರೊಬ್ಬರಿಗೆ ಕೊಟ್ಟೆ. ಅವರು ಎರಡೂ ಕೀಯನ್ನು ಬೆನ್ನಿಗೆ ಬೆನ್ನು ಹಿಡಿದು ಬೆಳಕಿಗೆ ನೋಡಿ, "ಹಳೇದರಿಂದ ಕಾಪಿ ತೆಗೆದ್ರೆ ಸವೆದ ಕೀಯೇ ಬರ್ತದೆ, ಒಳ್ಳೇದರಿಂದಲೇ ಮಾಡುವ" ಅಂದರು. ಹೊಸ ಅಲಗನ್ನು ಹಳೆಯ ರಿಮೋಟ್‌ಗೇ ಕೂರಿಸಿಕೊಟ್ಟರು. ಇಂಜಿನ್ ಸ್ಟಾರ್ಟ್ ಆಗಲು ಬೇಕಾದ ಇಮ್ಮೊಬಿಲೈಸರ್ ಚಿಪ್ ಕೀಯ ತಲೆಯ ಭಾಗದಲ್ಲಿ ಇರುವುದರಿಂದ ಪ್ರೋಗ್ರಾಂ ಮಾಡುವ ಖರ್ಚು ಬರಲಿಲ್ಲ. ಜೊತೆಗೆ ಚಿಪ್ ಇಲ್ಲದ ಒಂದು ಬರೀ ಕೀ ಮಾಡಿಸಿಕೊಂಡೆ. ಅದರಲ್ಲಿ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ, ಬಾಗಿಲು ತೆರೆಯುತ್ತದೆ. ಪರ್ಸ್‌ನಲ್ಲಿ ಇಟ್ಟುಕೊಳ್ಳಲು ಅಷ್ಟು ಸಾಕು.

ಎರಡನೇ ಕೀ ಸಿಗದವರು ಕೀ ನಂಬರ್ ಇರುವ ಸಣ್ಣ ತಗಡು ಹುಡುಕಬೇಕು. ಅದು ಹೊಸ ಕಾರಿನ ಕೀ ಗೊಂಚಲಲ್ಲಿ ಬರುತ್ತದೆ, ಸಾಮಾನ್ಯವಾಗಿ ಪೇಪರ್ ಫೈಲ್‌ನಲ್ಲಿ ಸೇರಿಕೊಂಡಿರುತ್ತದೆ. ಆ ನಂಬರ್‌ನಿಂದ ಮೊದಲಿನ ಅಳತೆಗೇ ಕೀ ಕತ್ತರಿಸಬಹುದು. ಆರ್‌ಸಿ, ಗುರುತಿನ ಚೀಟಿ ಕೇಳುತ್ತಾರೆ, ಕೇಳಬೇಕಾದದ್ದೇ.

ಬ್ಯಾರೆಲ್‌ನಲ್ಲಿ ಉಳಿದ ಡಬ್ಲ್ಯೂಡಿ-40 ಪೂರ್ತಿ ಒರೆಸಿ, ಒಣಗಿದ ಮೇಲೆ ಸ್ವಲ್ಪ ಗ್ರಾಫೈಟ್ ಪುಡಿ ಹಾಕಿ ಕೂರಿಸಿದೆ. ನಮ್ಮೂರಲ್ಲಿ ಕಿರುಗುಟ್ಟುವುದಕ್ಕೆಲ್ಲ ತೆಂಗಿನೆಣ್ಣೆ ಮದ್ದು. ಲಾಕ್‌ಗೆ ಮಾತ್ರ ಬೇಡ, ಧೂಳು ಹಿಡಿದು ಜಿಡ್ಡುಗಟ್ಟುತ್ತದೆ. ಎಣ್ಣೆ ಇದ್ದಲ್ಲಿ ಗ್ರಾಫೈಟ್ ಹಾಕಿದರೂ ಅಷ್ಟೇ, ಕೆಸರಾಗುತ್ತದೆ. ಈಗ ಕಾರು ತೊಳೆದಾಗಲೆಲ್ಲ ಒಮ್ಮೆ ಕೀ ಹಾಕಿ ತಿರುಗಿಸುತ್ತೇನೆ.

ಇನ್ನೊಂದು ವಿಷಯ. ರಿಮೋಟ್‌ನಲ್ಲಿ ಲಾಕ್ ಮಾಡಿ ಕೀಯಲ್ಲಿ ತೆರೆದರೆ ಕೆಲವು ಕಾರುಗಳು ಕಳ್ಳ ಬಂದ ಅಂತ ಸೈರನ್ ಹೊಡೆಯುತ್ತವೆ. ಗಾಬರಿ ಬೇಡ, ಚಿಪ್ ಇರುವ ಕೀಯಲ್ಲಿ ಇಗ್ನಿಷನ್ ಆನ್ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಬಾಗಿಲು ಸರಿಯಾದ ಸುದ್ದಿ ನಮ್ಮ ಅಕ್ಕಪಕ್ಕದ ಮನೆಯವರಿಗೆ ತಲುಪಿದ್ದು ಹಾಗೇ.