ಒಂದೇ ಪ್ರಸಂಗ, ಬೇರೆ ಬೇರೆ ತಿಟ್ಟು: ಮೇಸನ್ ಲಾಡ್ಜುಗಳಲ್ಲಿ ನನ್ನ ಅನುಭವ

ಎಡಿನ್‌ಬರೋದ ಒಂದು ಫ್ರೀಮೇಸನ್ ಲಾಡ್ಜಿನಲ್ಲಿ (ಕಲ್ಲುಕುಟಿಗರ ಉಪಕರಣಗಳನ್ನೇ ಸಂಕೇತ ಮಾಡಿಕೊಂಡ ಸಹೋದರ ಕೂಟದ ಶಾಖೆ) ಅತಿಥಿಯಾಗಿ ಎದ್ದು ನಿಂತು, ಬೆಂಗಳೂರಿನ ನಮ್ಮ ಲಾಡ್ಜಿನ ಶುಭಾಶಯ ಹೇಳಲು "ವರ್ಷಿಪ್‌ಫುಲ್ ಮಾಸ್ಟರ್" ಎಂದು ಶುರು ಮಾಡಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮುಂದಕ್ಕೆ ಬಾಗಿ "ರೈಟ್ ವರ್ಷಿಪ್‌ಫುಲ್" ಎಂದು ಮೆಲ್ಲಗೆ ಹೇಳಿಕೊಟ್ಟರು. ಇಂಗ್ಲೆಂಡಿನಲ್ಲೂ ನಮ್ಮಲ್ಲೂ ಲಾಡ್ಜಿನ ಅಧ್ಯಕ್ಷ ಬರೀ ವರ್ಷಿಪ್‌ಫುಲ್, ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಇನ್ನೊಂದು ಮರ್ಯಾದೆಯ ಮಾತು ಸೇರುತ್ತದೆ. ಮಗಳ ಮನೆಗೆಂದು ಆ ಊರಿಗೆ ಹೋಗಿದ್ದವನು ನಾನು. ಸಂಜೆ ಹೊತ್ತು ಮುಗಿಯುವಷ್ಟರಲ್ಲಿ, ಇಷ್ಟು ವರ್ಷ "ಸಭೆಯ ವಿಧಿ-ವಿಧಾನ ಅಂದರೆ ಇದೇ" ಎಂದುಕೊಂಡಿದ್ದರಲ್ಲಿ ಅರ್ಧಕ್ಕರ್ಧ ನಮ್ಮ ಮನೆಯ ರೂಢಿ ಎಂದು ಗೊತ್ತಾಗಿತ್ತು.

ನಾನು ಸಿವಿಲ್ ಎಂಜಿನಿಯರ್, ಈಗ ನಿವೃತ್ತ. ಹುಟ್ಟೂರು ಕುಂದಾಪುರದ ಹತ್ತಿರ, ಬೆಂಗಳೂರಿಗೆ ಬಂದು ನಲವತ್ತು ವರ್ಷ. ಸೈಜುಗಲ್ಲಿನ ಪಾಯ, ತೂಕುಗುಂಡು, ಮೂಲೆಮಟ್ಟ ಇವುಗಳ ನಡುವೆಯೇ ಬದುಕು ಕಳೆದವನಿಗೆ, ಮೂಲೆಮಟ್ಟವನ್ನೂ ಕೈವಾರವನ್ನೂ ಧರ್ಮಗ್ರಂಥದ ಮೇಲಿಟ್ಟು ಸಭೆ ತೆರೆಯುವ ಕೂಟವೊಂದಿದೆ ಎಂದು ಮೇಲಧಿಕಾರಿಯೊಬ್ಬರು ಹೇಳಿದಾಗ ಕುತೂಹಲ ತಡೆಯಲಾಗಲಿಲ್ಲ. ಸೇರಿ ಹದಿನೇಳು ವರ್ಷವಾಯಿತು. ನೆಂಟರೆದುರು "ಲಾಡ್ಜಿಗೆ ಹೋಗುತ್ತೇನೆ" ಎಂದರೆ ಮೆಜೆಸ್ಟಿಕ್‌ನ ರೂಮು ಎಂದೇ ಅರ್ಥವಾಗುತ್ತದೆ. ಹಾಗಾಗಿ ಮನೆಯಲ್ಲಿ ನಾವು "ಮೇಸನ್ ಮೀಟಿಂಗ್" ಎನ್ನುತ್ತೇವೆ. ಗುರುತು, ಸಂಕೇತದ ಮಾತು ಇವನ್ನು ಹೇಳುವುದಿಲ್ಲ ಎಂದು ಪ್ರಮಾಣ ಮಾಡಿದ್ದೇನೆ, ಇಲ್ಲೂ ಬರೆಯುವುದಿಲ್ಲ. ಉಳಿದದ್ದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ನಮ್ಮದು ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾಕ್ಕೆ ಸೇರಿದ ಲಾಡ್ಜು; ಗ್ರ್ಯಾಂಡ್ ಲಾಡ್ಜು ಎಂದರೆ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆ. ಅದು ಹುಟ್ಟಿದ್ದು 1961ರ ನವೆಂಬರ್ 24ರಂದು. ಅದಕ್ಕೂ ಮುಂಚೆ ಈ ದೇಶದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಈ ಮೂರರ ಲಾಡ್ಜುಗಳೂ ಇದ್ದವು. ಆ ಮೂರೂ ಸೇರಿಯೇ ಹೊಸದನ್ನು ಸ್ಥಾಪಿಸಿಕೊಟ್ಟವು. ಹಳೆಯ ಕೆಲವು ಲಾಡ್ಜುಗಳು ಮಾತ್ರ ತಮ್ಮ ಮೂಲದಲ್ಲೇ ಉಳಿದುಕೊಂಡವು. ಹೀಗಾಗಿ ಭಾರತದ ಮೇಸನ್ ಒಬ್ಬನಿಗೆ ದೇಶ ಬಿಡದೆಯೂ ಬೇರೆ ಪದ್ಧತಿ ಕಾಣುವ ಅವಕಾಶವಿದೆ. ನಾನು ತಡವಾಗಿ ಕಂಡೆ.

ಊರಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಸಂಗ ಒಂದೇ. ಆದರೆ ಆಡುವ ಶೈಲಿ, ಅಂದರೆ ತಿಟ್ಟು, ಬೇರೆ ಬೇರೆ: ಬಡಗಿನಲ್ಲಿ ತಲೆಗೆ ಕೇದಗೆ ಮುಂದಲೆ, ಭಾಗವತರ ಕೈಯಲ್ಲಿ ತಾಳ. ತೆಂಕಿಗೆ ಹೋದರೆ ಭಾಗವತರ ಕೈಯಲ್ಲಿ ಜಾಗಟೆ, ಚೆಂಡೆಯ ಪೆಟ್ಟೇ ಬೇರೆ. ವಿಧಿ ನಡೆಸುವ ಕ್ರಮಕ್ಕೆ ಮೇಸನ್ನರು "ವರ್ಕಿಂಗ್" ಎನ್ನುವುದನ್ನು ನಾನು ಮನಸ್ಸಿನಲ್ಲಿ ತಿಟ್ಟು ಎಂದೇ ಕರೆದುಕೊಂಡಿದ್ದೇನೆ. ವ್ಯತ್ಯಾಸ ಒಂದೇ: ಯಕ್ಷಗಾನದಲ್ಲಿ ಅರ್ಥ ಹೇಳುವವನಿಗೆ ಮಾತಿನ ಸ್ವಾತಂತ್ರ್ಯ ಇದೆ. ನಮ್ಮಲ್ಲಿ ಅಕ್ಷರ ತಪ್ಪುವಂತಿಲ್ಲ.

ನಮ್ಮ ಲಾಡ್ಜಿನ ತಿಟ್ಟು ಇಂಗ್ಲೆಂಡಿನ ಎಮ್ಯುಲೇಷನ್ ಪದ್ಧತಿಗೆ ಹತ್ತಿರ. ಲಂಡನ್ನಿನಲ್ಲಿ ಆ ಹೆಸರಿನ ಅಭ್ಯಾಸದ ಲಾಡ್ಜು 1823ರಲ್ಲಿ ಶುರುವಾಯಿತು. ಅಲ್ಲಿ ಇಡೀ ಒಂದು ವಿಧಿಯನ್ನು ಒಂದು ಸಲವೂ ತಿದ್ದಿಸಿಕೊಳ್ಳದೆ ನಡೆಸಿದವನಿಗೆ ಬೆಳ್ಳಿಯ ಬೆಂಕಿಪೊಟ್ಟಣದ ಡಬ್ಬಿ ಕೊಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ಹಳೆಯ ಇಂಗ್ಲಿಷಿನ ಉದ್ದುದ್ದ ವಾಕ್ಯಗಳು ಕಬ್ಬಿಣದ ಕಡಲೆ. ಜೂನಿಯರ್ ಡೀಕನ್, ಅಂದರೆ ದೀಕ್ಷೆಗೆ ಬಂದ ಅಭ್ಯರ್ಥಿಯನ್ನು ಕರೆದುಕೊಂಡು ನಡೆಯುವವನು, ಆದ ವರ್ಷ ನಾನು ಕಂಡುಕೊಂಡ ಉಪಾಯ ಹೀಗೆ: ಬಸವನಗುಡಿಯ ಮನೆಯ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದ ಹಾಗೆ ಲಾಡ್ಜಿನ ನೆಲ ಬರೆದೆ. ಪೂರ್ವದಲ್ಲಿ ಮಾಸ್ಟರ್, ಅವರ ನಂತರದ ಅಧಿಕಾರಿಗಳಾದ ಸೀನಿಯರ್ ವಾರ್ಡನ್ ಪಶ್ಚಿಮದಲ್ಲಿ, ಜೂನಿಯರ್ ವಾರ್ಡನ್ ದಕ್ಷಿಣದಲ್ಲಿ. ಕವಡೆಯನ್ನು ಅಭ್ಯರ್ಥಿ ಎಂದುಕೊಂಡು ಸೂರ್ಯ ಸಾಗುವ ದಿಕ್ಕಿನಲ್ಲೇ, ಪ್ರತಿ ಮೂಲೆಯಲ್ಲೂ ನಿಂತು, ಲಂಬಕೋನದಲ್ಲಿ ತಿರುಗಿಸಿಕೊಂಡು ಹೋಗುತ್ತಿದ್ದೆ. ಮಾತು ಮರೆತಾಗ ಪುಸ್ತಕ ನೋಡದೆ, ಕವಡೆ ಎಲ್ಲಿದೆ ಎಂದು ನೋಡುತ್ತಿದ್ದೆ. ನಿಂತ ಜಾಗ ಮಾತನ್ನು ನೆನಪಿಸುತ್ತದೆ. ಅಂಗವಸ್ತ್ರ ಹೊದ್ದು ಮಂತ್ರ ಹೇಳುವವರಿಗೆ ಕೈಯ ಚಲನೆಯೇ ಮುಂದಿನ ಸಾಲು ತಂದುಕೊಡುವ ಹಾಗೆ. ಈಗಲೂ ಹೊಸಬರಿಗೆ ನಾನು ಹೇಳಿಕೊಡುವುದು ಇದೇ: ಮೊದಲು ಕಾಲಿಗೆ ಕಲಿಸಿ, ಆಮೇಲೆ ನಾಲಿಗೆಗೆ.

ಇಷ್ಟು ಕಷ್ಟಪಟ್ಟು ಕಲಿತ ನಡೆ ಎಡಿನ್‌ಬರೋದಲ್ಲಿ ಕಾಣದಿದ್ದಾಗ ನನಗಾದ ಕಸಿವಿಸಿಯನ್ನು ಊಹಿಸಿಕೊಳ್ಳಿ. ಒಳಗೆ ಕಾಲಿಟ್ಟವನೇ ಅಭ್ಯಾಸಬಲದಿಂದ ಗ್ರಂಥಕ್ಕಾಗಿ ಪೂರ್ವದ ಕಡೆ ನೋಡಿದೆ. ನಮ್ಮಲ್ಲಿ ಗ್ರಂಥ ಇರುವುದು ಮಾಸ್ಟರರ ಪೀಠದ ಮೇಲೆ, ಅಭ್ಯರ್ಥಿ ಪ್ರಮಾಣ ಮಾಡುವುದೂ ಅಲ್ಲೇ. ಅಲ್ಲಿ ನೋಡಿದರೆ ಸಭಾಂಗಣದ ನಟ್ಟನಡುವೆ ವೇದಿಕೆ, ಅದರ ಮೇಲೆ ಗ್ರಂಥ. ಅಮೆರಿಕದಲ್ಲೂ ಐರ್ಲೆಂಡಿನಲ್ಲೂ ಹೀಗೇ ನಡುವಿನಲ್ಲಿ. ಇದು ಪೀಠೋಪಕರಣದ ವಿಚಾರ ಎಂದು ಮೊದಲು ಅನ್ನಿಸಿತು. ಕೂತು ನೋಡುತ್ತ ಹೋದ ಹಾಗೆ ಅಭಿಪ್ರಾಯ ಬದಲಾಯಿತು. ನಡುವಿನಲ್ಲಿ ವೇದಿಕೆ ಇದ್ದರೆ ಪ್ರಮಾಣ ಮಾಡುವವನ ಸುತ್ತ ಎಲ್ಲ ಸಹೋದರರೂ ಇರುತ್ತಾರೆ. ಪೂರ್ವದಲ್ಲಿದ್ದರೆ ಅವನು ಮಾಸ್ಟರನಿಗೆ ಎದುರಾಗಿ ಒಬ್ಬನೇ. ನನ್ನ ದೀಕ್ಷೆಯ ದಿನ ಆ ಒಂಟಿತನ ನನಗೆ ಬೇಕಾಗಿತ್ತು. ಆದರೆ ನೋಡುವವನಾಗಿ ಹೇಳುವುದಾದರೆ ಸ್ಕಾಟಿಷರ ಏರ್ಪಾಡು ಹೆಚ್ಚು ಹಿಡಿಸಿತು.

ಗ್ರಂಥದ ವಿಚಾರದಲ್ಲಿ ಮಾತ್ರ ನಮ್ಮ ಪದ್ಧತಿಯ ಮೇಲೆ ನನಗೆ ಹೆಮ್ಮೆ. ಅಲ್ಲಿ ತೆರೆದಿದ್ದು ಬೈಬಲ್ ಒಂದೇ. ನಮ್ಮ ಪೀಠದ ಮೇಲೆ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಜೆಂದ್ ಅವೆಸ್ತಾ ಒಟ್ಟಿಗೆ ಇರುತ್ತವೆ. ಯಾರಿಗೆ ಯಾವುದು ಪವಿತ್ರವೋ ಅದರ ಮೇಲೆ ಕೈ. ನಾನು ಗೀತೆಯ ಮೇಲೆ ಪ್ರಮಾಣ ಮಾಡಿದೆ. ಅದೇ ಸಂಜೆ ನನ್ನ ಜೊತೆ ದೀಕ್ಷೆ ಪಡೆದ ಶಿವಾಜಿನಗರದ ವ್ಯಾಪಾರಿ ಕುರಾನಿನ ಮೇಲೆ. ಇಲ್ಲಿನವರಿಗೆ ಈ ಜಾಗ ಸುಮ್ಮನೆ ಸಿಕ್ಕಿದ್ದಲ್ಲ. ಆರ್ಕಾಟಿನ ನವಾಬನ ಮಗ ಉಮ್ದತ್-ಉಲ್-ಉಮ್ರಾ 1775ರಲ್ಲೇ ತಿರುಚಿನಾಪಳ್ಳಿಯಲ್ಲಿ ಮೇಸನ್ ಆದ. ಆದರೆ ಹಿಂದೂಗಳಿಗೆ ಹಲವು ದೇವರಿದ್ದಾರೆ, ಪರಮಾತ್ಮನೊಬ್ಬನನ್ನು ನಂಬುತ್ತಾರೆಂದು ಹೇಗೆ ಒಪ್ಪುವುದು ಎಂಬ ವಾದ ಬಂಗಾಳದಲ್ಲಿ ವರ್ಷಗಟ್ಟಲೆ ನಡೆದು, ಕಲ್ಕತ್ತೆಯಲ್ಲಿ ಪಿ. ಸಿ. ದತ್ತರಿಗೆ ಬಾಗಿಲು ತೆರೆದದ್ದು 1872ರಲ್ಲಿ. ಹನ್ನೆರಡು ವರ್ಷದ ಮೇಲೆ, 1884ರಲ್ಲಿ, ಅದೇ ಊರಿನ ಆ್ಯಂಕರ್ ಅಂಡ್ ಹೋಪ್ ಲಾಡ್ಜಿನಲ್ಲಿ ನರೇಂದ್ರನಾಥ ದತ್ತ, ಮುಂದಿನ ವಿವೇಕಾನಂದರು, ಸೇರಿದರು.

ಬಟ್ಟೆಯ ವಿಚಾರ ಚಿಕ್ಕದು. ಇಂಗ್ಲಿಷ್ ಪದ್ಧತಿಯಲ್ಲಿ ಮಾಸ್ಟರ್ ಮೇಸನ್ನನ (ದೀಕ್ಷೆಯ ಮೂರು ಪದವಿಗಳನ್ನೂ ಮುಗಿಸಿದ ಸದಸ್ಯನ) ಏಪ್ರನ್ನಿಗೆ ಎಲ್ಲೆಡೆ ಒಂದೇ ತಿಳಿನೀಲಿ ಅಂಚು, ಮುಚ್ಚಳ ತ್ರಿಕೋನ. ಸ್ಕಾಟ್ಲೆಂಡಿನಲ್ಲಿ ಮುಚ್ಚಳ ದುಂಡಗೆ, ಬಣ್ಣ ಆಯಾ ಲಾಡ್ಜಿನ ಇಷ್ಟ. ಒಬ್ಬರದು ಹಸಿರು, ಇನ್ನೊಬ್ಬರದು ಚೌಕಳಿಯ ಟಾರ್ಟನ್. ವಿಧಿಯ ಮಾತೂ ಹಾಗೆಯೇ ಲಾಡ್ಜಿಂದ ಲಾಡ್ಜಿಗೆ ಬೇರೆ. ಐರ್ಲೆಂಡಿನವರು ಇನ್ನೂ ಬಾಯಿಂದ ಕಿವಿಗೆ ಕಲಿಸುತ್ತಾರೆ, ಅಚ್ಚಾದ ಪುಸ್ತಕ ಕೊಡುವುದಿಲ್ಲ.

ನನ್ನನ್ನು ಹೆಚ್ಚು ತಟ್ಟಿದ್ದು ಮಾರ್ಕ್ ಪದವಿ. ಕಲ್ಲುಕುಟಿಗ ತಾನು ಕೆತ್ತಿದ ಕಲ್ಲಿನ ಮೇಲೆ ತನ್ನ ಗುರುತು ಹಾಕುತ್ತಿದ್ದನಲ್ಲ, ಅದರಿಂದ ಬಂದದ್ದು ಇದು. ಸದಸ್ಯ ತನ್ನದೇ ಒಂದು ಗುರುತು ಆರಿಸಿಕೊಳ್ಳುತ್ತಾನೆ, ಅದು ಪುಸ್ತಕದಲ್ಲಿ ದಾಖಲಾಗುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆ 1856ರಿಂದ ಬೇರೆಯೇ ಗ್ರ್ಯಾಂಡ್ ಲಾಡ್ಜು ಇದೆ. ಬೇಕಿದ್ದವರು ಬೇರೆ ಸೇರಬೇಕು. ಸ್ಕಾಟ್ಲೆಂಡಿನಲ್ಲಿ ಎರಡನೆಯ ಪದವಿ ಪೂರ್ಣವಾಗುವುದೇ ಮಾರ್ಕಿನಿಂದ, ಮಾಮೂಲಿ ಲಾಡ್ಜಿನಲ್ಲೇ ಕೊಡುತ್ತಾರೆ. ಎಡಿನ್‌ಬರೋದ ಮೇರೀಸ್ ಚಾಪೆಲ್ ಲಾಡ್ಜಿನಲ್ಲಿ 1599ರ ಜುಲೈ 31ರ ನಡಾವಳಿ ಉಳಿದಿದೆ; ಕೈಯಲ್ಲಿ ಉಳಿ ಹಿಡಿದವರ ಕಾಲದ್ದು. ಅದನ್ನು ಕೇಳಿದಾಗ ನನಗೆ ನೆನಪಾದದ್ದು ಸೋಮನಾಥಪುರ. ಅಲ್ಲಿನ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ತನ್ನ ಹೆಸರು ಕೆತ್ತಿದ್ದಾನೆ. ಊರಿಗೆ ಬಂದವನೇ ಮಾರ್ಕಿಗೆ ಅರ್ಜಿ ಹಾಕಿದೆ. ನನ್ನ ಗುರುತು ಯಾವುದೆಂದು ಹೆಂಡತಿಗೆ ಮಾತ್ರ ತೋರಿಸಿದ್ದೇನೆ.

ಎಲ್ಲ ವ್ಯತ್ಯಾಸವೂ ಹೀಗೆ ಸಂತೋಷ ಕೊಡುವಂಥದ್ದಲ್ಲ. ನಮ್ಮ ಬೀದಿಯಲ್ಲಿ ಥಿಯಾಸಫಿ ಓದಿಕೊಂಡ ಹಿರಿಯರೊಬ್ಬರಿದ್ದರು, ನಾವೆಲ್ಲ ಟೀಚರಮ್ಮ ಎನ್ನುತ್ತಿದ್ದೆವು. ಹೆಂಗಸರೂ ಗಂಡಸರೂ ಒಟ್ಟಿಗೆ ಕೂರುವ ಕೋ-ಮೇಸನ್ನರ ಕೂಟಕ್ಕೆ ಸೇರಿದವರು. ಅದು 1893ರಲ್ಲಿ ಪ್ಯಾರಿಸ್ಸಿನಲ್ಲಿ ಮರಿಯಾ ಡೆರೆಮ್ ಮತ್ತು ಜಾರ್ಜ್ ಮಾರ್ಟಿನ್ ಕಟ್ಟಿದ್ದು. 1902ರಲ್ಲಿ ಅಲ್ಲಿ ದೀಕ್ಷೆ ಪಡೆದ ಆ್ಯನಿ ಬೆಸೆಂಟ್ ಅದನ್ನು ಭಾರತಕ್ಕೆ ತಂದರು.

"ನಿಮ್ಮ ಲಾಡ್ಜಿಗೆ ನಾನು ಬರೋ ಹಾಗಿಲ್ಲ, ಸರಿ. ನಮ್ಮಲ್ಲಿಗೆ ನೀವು ಬಂದರೆ ಏನಪ್ಪ ತೊಂದರೆ?" ಎಂದು ಒಮ್ಮೆ ಕೇಳಿದರು.

"ಮಾನ್ಯತೆ ಇಲ್ಲದ ಕಡೆ ಕೂರಬಾರದು ಅಂತ ನಿಯಮ, ಟೀಚರಮ್ಮ."

"ವಿಧಿ ಬೇರೆನಾ?"

ಬೇರೆ ಏನಿಲ್ಲ ಎಂದೆ. ಅವರು ಹೇಳಿದ್ದನ್ನು ಕೇಳಿದರೆ ಸಾಲಿಗೆ ಸಾಲು ಹೊಂದುತ್ತಿತ್ತು. ಫ್ರಾನ್ಸಿನ ಗ್ರ್ಯಾಂಡ್ ಓರಿಯೆಂಟ್ ಎಂಬ ಮೇಸನ್ ಸಂಸ್ಥೆ 1877ರಲ್ಲಿ ದೇವರ ನಂಬಿಕೆಯ ಕಟ್ಟಳೆ ತೆಗೆದುಹಾಕಿದ್ದಕ್ಕೆ ಇಂಗ್ಲೆಂಡ್ ಸಂಬಂಧ ಕಡಿದುಕೊಂಡದ್ದು ನನಗೆ ಅರ್ಥವಾಗುತ್ತದೆ, ಅದು ಬುಡದ ಮಾತು. ದೇವರನ್ನು ನಂಬಿ, ನಮ್ಮದೇ ಮಾತು ಹೇಳಿ, ನಮಗಿಂತ ಚೆನ್ನಾಗಿ ಕಂಠಪಾಠ ಮಾಡಿದ ಹೆಂಗಸಿನ ಜೊತೆ ಕೂರಲಾಗದ್ದು ಅರ್ಥವಾಗುವುದಿಲ್ಲ. ನಿಯಮ ಮುರಿಯಲಿಲ್ಲ. ಟೀಚರಮ್ಮ ತೀರಿಕೊಂಡು ಆರು ವರ್ಷವಾಯಿತು, ಆ ಮಾತು ಇನ್ನೂ ಚುಚ್ಚುತ್ತದೆ.

ಅಣ್ಣನ ಮಗ ಅಮೆರಿಕದಲ್ಲಿ ಮೇಸನ್ ಆಗಿದ್ದಾನೆ. ಫೋನಿನಲ್ಲಿ ನಮ್ಮಿಬ್ಬರದು ಇದೇ ಮಾತು. "ಚಿಕ್ಕಪ್ಪ, ನಮ್ಮಲ್ಲಿ ಮೊದಲಿನಿಂದ ಕೊನೆಯವರೆಗೆ ಸೀನಿಯರ್ ಡೀಕನ್ನೇ ಕರಕೊಂಡು ಹೋದ್ರು" ಎನ್ನುತ್ತಾನೆ. ನಮ್ಮಲ್ಲಿ ಮೊದಲ ಪದವಿಗೆ ಜೂನಿಯರ್, ಆಮೇಲಿನದಕ್ಕೆ ಸೀನಿಯರ್. ಅವನ ಮಾಸ್ಟರ್ ಸಭೆಯಲ್ಲಿ ತಲೆಗೆ ಹ್ಯಾಟ್ ಹಾಕಿರುತ್ತಾನಂತೆ. ಲೆಕ್ಕಪತ್ರ, ನಿರ್ಣಯ ಎಲ್ಲ ಮೂರನೆಯ ಪದವಿಯಲ್ಲಿ ತೆರೆದ ಸಭೆಯಲ್ಲೇ ಆಗುವುದರಿಂದ, ಮಾಸ್ಟರ್ ಮೇಸನ್ ಆಗುವವರೆಗೆ ಅವನು ಹೊರಗೇ ಕಾಯಬೇಕಾಯಿತು. ನಮ್ಮಲ್ಲಿ ವ್ಯವಹಾರ ನಡೆಯುವುದು ಮೊದಲ ಪದವಿಯಲ್ಲಿ. ನಿನ್ನೆ ಸೇರಿದವನೂ ಕೂತು ಕೇಳಬಹುದು. ಇದರಲ್ಲಿ ನಮ್ಮದೇ ಸರಿ ಎಂದು ಅವನಿಗೆ ನೇರವಾಗಿ ಹೇಳಿದ್ದೇನೆ.

ಈ ಡಿಸೆಂಬರಿಗೆ ಅವನು ಬೆಂಗಳೂರಿಗೆ ಬರುತ್ತಾನೆ. ನಾನು ಎಡಿನ್‌ಬರೋಗೆ ಹೋಗುವಾಗ ಮಾಡಿದ್ದನ್ನೇ ಅವನಿಗೂ ಹೇಳಿದೆ: ಮೊದಲು ನಿನ್ನ ಗ್ರ್ಯಾಂಡ್ ಲಾಡ್ಜಿಗೆ ಬರೆದು ಅವರ ಮೂಲಕ ಇಲ್ಲಿಗೆ ಪತ್ರ ಬರಲಿ, ಚಂದಾ ಕಟ್ಟಿದ ಕಾರ್ಡು ಮರೆಯಬೇಡ, ಕಪ್ಪು ಸೂಟು ಇಟ್ಟುಕೋ, ಅರ್ಧ ಗಂಟೆ ಮುಂಚೆ ಬಾ, ಬಾಗಿಲಲ್ಲಿ ಪರೀಕ್ಷೆ ಮಾಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡ. ಒಳಗೆ ಬಂದ ಮೇಲೆ ಗ್ರಂಥವನ್ನು ನಡುವಿನಲ್ಲಿ ಹುಡುಕಬೇಡ, ಪೂರ್ವಕ್ಕೆ ನೋಡು. ತಾರಸಿಯ ಮೇಲಿನ ಗೆರೆಗಳು ಈ ಸಲದ ಮಳೆಗೆ ಅಳಿಸಿಹೋಗಿದ್ದವು. ಮೊನ್ನೆ ಭಾನುವಾರ ಮತ್ತೆ ಬರೆದೆ.