ವಿಂಡೋಸನ್ನು ಎಸ್‌ಎಸ್‌ಡಿಗೆ ಸಾಗಿಸುವಾಗ ಹಳೆ ಡಿಸ್ಕ್ ಬಿಚ್ಚಿಡಿ

ಸ್ನೇಹಿತರೊಬ್ಬರು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡ್ರೈವ್) ಹಾಕಿ, ವಿಂಡೋಸನ್ನು ಅದಕ್ಕೆ ಸಾಗಿಸಿದರು. ಎರಡು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಫೋಟೋ ಇಡೋಣ ಅಂತ ಹಳೆ ಹಾರ್ಡ್ ಡಿಸ್ಕ್‌ನ ಪಾರ್ಟಿಷನ್‌ಗಳನ್ನೆಲ್ಲ (ಡಿಸ್ಕ್‌ನೊಳಗಿನ ವಿಭಾಗಗಳನ್ನು) ಅಳಿಸಿದರು. ಮರುದಿನ ಕಂಪ್ಯೂಟರ್ ಶುರುವಾಗಲೇ ಇಲ್ಲ. ವಿಂಡೋಸ್ ಹೊಸ ಡ್ರೈವ್‌ನಲ್ಲಿತ್ತು, ಆದರೆ ಅದನ್ನು ಎಬ್ಬಿಸುವ ಬೂಟ್ ಫೈಲ್‌ಗಳು ಹಳೆ ಡಿಸ್ಕ್‌ನಲ್ಲೇ ಉಳಿದಿದ್ದವು. ಇದೇ ತಪ್ಪನ್ನು ನಾನು ಹಲವರಲ್ಲಿ ನೋಡಿದ್ದೇನೆ. ಹಾಗಾಗಿ ಈ ಕೆಲಸವನ್ನು ಮೊದಲಿಂದ ಹೇಳುತ್ತೇನೆ.

ಮೊದಲು ಸರಿಯಾದ ಡ್ರೈವ್ ಆರಿಸಿ. ಸಾಟಾ (ಹಳೆ ಬಗೆಯ ಜೋಡಣೆ) ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಎನ್‌ವಿಎಂಇ (ಹೊಸ, ವೇಗದ ಬಗೆ) ಆದರೆ 3,500 ಎಂಬಿ ಅಥವಾ ಇನ್ನೂ ಜಾಸ್ತಿ. ಹಾರ್ಡ್ ಡಿಸ್ಕ್‌ನಿಂದ ಬರುವವರಿಗೆ ಸಾಟಾ ಕೂಡ ದೊಡ್ಡ ಬದಲಾವಣೆಯೇ. ತಿರುಗುವ ತಟ್ಟೆಯ ಮೇಲೆ ಹೆಡ್ ಓಡಾಡಿ ಫೈಲ್ ಹುಡುಕುವ ಕಾಯುವಿಕೆಯೇ ಇರುವುದಿಲ್ಲವಲ್ಲ. ಎಂ.2 ಸ್ಲಾಟ್ (ಮದರ್‌ಬೋರ್ಡ್‌ನಲ್ಲಿ ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಜಾಗ) ಇದೆ ಅಂತ ಸುಮ್ನೆ ಎನ್‌ವಿಎಂಇ ತರಬೇಡಿ. ಕೆಲವು ಸ್ಲಾಟ್‌ಗಳು ಸಾಟಾ ಮಾತ್ರ ಒಪ್ಪುತ್ತವೆ, ಕೆಲವು ಎನ್‌ವಿಎಂಇ ಮಾತ್ರ. ಮದರ್‌ಬೋರ್ಡ್ ಕೈಪಿಡಿ ನೋಡಿಯೇ ಕೊಳ್ಳಿ. ಅಳತೆ 500 ಜಿಬಿಗಿಂತ ಕಡಿಮೆ ಬೇಡ. ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ಹೆಸರಿಲ್ಲದ ಡ್ರೈವ್‌ಗಳ ಹತ್ತಿರವೂ ಹೋಗಬೇಡಿ. ಕೆಲವು 1 ಟಿಬಿ ಅಂತ ತೋರಿಸಿ, ಒಳಗಿರುವ ಜಾಗ ತುಂಬಿದ ಮೇಲೆ ಮೊದಲು ಬರೆದದ್ದರ ಮೇಲೆಯೇ ಬರೆಯುತ್ತವೆ.

ಮುಖ್ಯ ಫೈಲ್‌ಗಳನ್ನು ಬೇರೊಂದು ಡಿಸ್ಕ್‌ಗೆ ಬ್ಯಾಕಪ್ ಮಾಡಿ. ಬಿಟ್‌ಲಾಕರ್ (ಡಿಸ್ಕ್‌ನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದುಕೊಂಡು, ಎನ್‌ಕ್ರಿಪ್ಶನ್ ಪೂರ್ತಿ ತೆಗೆದುಬಿಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ, ಒಮ್ಮೆ ನೋಡಿಕೊಳ್ಳಿ. ಫಾಸ್ಟ್ ಸ್ಟಾರ್ಟಪ್ (ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೆ ಬೇಗ ಏಳುವ ಸೌಲಭ್ಯ) ಆಫ್ ಮಾಡಿ. ಡಿಸ್ಕ್ ತಪಾಸಣೆ ಮಾಡುವ ಚೆಕ್‌ಡಿಸ್ಕ್ ಓಡಿಸಿ. ಅದರಲ್ಲಿ ಬ್ಯಾಡ್ ಸೆಕ್ಟರ್ (ಡಿಸ್ಕ್‌ನ ಕೆಟ್ಟ ಜಾಗ) ಕಂಡರೆ ಕ್ಲೋನ್ (ಇಡೀ ಡಿಸ್ಕ್‌ನ ತದ್ರೂಪು ನಕಲು) ಆಸೆ ಬಿಟ್ಟು, ಫೈಲ್ ಉಳಿಸಿಕೊಂಡು, ವಿಂಡೋಸನ್ನು ಹೊಸದಾಗಿಯೇ ಹಾಕಿ.

ಈಗ ಕ್ಲೋನ್. ಸಿ ಡ್ರೈವ್‌ನ ಫೋಲ್ಡರ್‌ಗಳನ್ನು ಕಾಪಿ ಪೇಸ್ಟ್ ಮಾಡಿದರೆ ವಿಂಡೋಸ್ ಬರುವುದಿಲ್ಲ. ಇಡೀ ಡಿಸ್ಕನ್ನೇ ಆರಿಸಬೇಕು. ಸಿ ಡ್ರೈವ್ ಜೊತೆಗೆ ಸುಮಾರು 100 ಎಂಬಿಯ ಇಎಫ್‌ಐ ಪಾರ್ಟಿಷನ್ ಇರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅದು ಕಾಣುವುದಿಲ್ಲ. ಕಂಪ್ಯೂಟರ್ ಶುರುವಾಗುವುದು ಮಾತ್ರ ಅದರಿಂದಲೇ. ನಾನು ಬಳಸುವುದು ಕ್ಲೋನ್‌ಜಿಲ್ಲಾ. ಉಚಿತ, ಆದರೆ ಹೊಸ ಡ್ರೈವ್ ಹಳೆಯದಕ್ಕಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಗ ಎಸ್‌ಎಸ್‌ಡಿ ತಯಾರಕರೇ ಕೊಡುವ ತಂತ್ರಾಂಶ ನೋಡಿ. ಎಲ್ಲ ಆಯ್ಕೆ ಮುಗಿಸಿ ಕೊನೆಯ ಬಟನ್ ಒತ್ತಿದಾಗ ದುಡ್ಡು ಕೇಳುವ 'ಉಚಿತ' ತಂತ್ರಾಂಶಗಳಿಗೆ ಸಮಯ ಹಾಳು ಮಾಡಬೇಡಿ. ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ಡಿಸ್ಕ್‌ನ ಮಾಡೆಲ್ ಹೆಸರು ಓದಿಯೇ ಖಚಿತ ಮಾಡಿಕೊಳ್ಳಿ. ಡಿಸ್ಕ್ 0, ಡಿಸ್ಕ್ 1 ಅನ್ನುವ ಸಂಖ್ಯೆ ನಂಬಬೇಡಿ. ಇಲ್ಲಿ ತಿರುಗುಮುರುಗಾದರೆ ಖಾಲಿ ಡ್ರೈವ್ ನಿಮ್ಮ ಫೈಲ್‌ಗಳ ಮೇಲೆ ಕೂರುತ್ತದೆ.

ಕ್ಲೋನ್ ಮುಗಿದ ತಕ್ಷಣ ರೀಸ್ಟಾರ್ಟ್ ಒತ್ತಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಪೂರ್ತಿ ಶಟ್‌ಡೌನ್ ಮಾಡಿ, ಪವರ್ ತೆಗೆದು, ಹಳೆ ಡಿಸ್ಕ್‌ನ ಕೇಬಲ್ ಬಿಚ್ಚಿ. ಲ್ಯಾಪ್‌ಟಾಪ್ ಆದರೆ ಡಿಸ್ಕನ್ನೇ ಹೊರಗೆ ತೆಗೆಯಿರಿ. ಎರಡೂ ಇದ್ದರೆ ಕಂಪ್ಯೂಟರ್ ಯಾವುದರಿಂದ ಶುರುವಾಯಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ, ಪರದೆ ಒಂದೇ ಥರ ಕಾಣುತ್ತದೆ. ಜೊತೆಗೆ ಕ್ಲೋನ್ ಆದ ಎರಡೂ ಡಿಸ್ಕ್‌ಗಳ ಗುರುತಿನ ಸಂಖ್ಯೆ ಒಂದೇ ಇರಬಹುದು. ಆಗ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ. ಹೊಸ ಡ್ರೈವ್ ಒಂದೇ ಇದ್ದಾಗ ಕಂಪ್ಯೂಟರ್ ಎದ್ದರೆ ಮಾತ್ರ ಕೆಲಸ ಆಯಿತು ಅಂತ ಅರ್ಥ.

ಬೂಟ್ ಮಾಡಲು ಡಿಸ್ಕ್ ಇಲ್ಲ ಅಂದರೆ ಗಾಬರಿ ಬೇಡ, ಹಳೆಯದು ಕೈಯಲ್ಲೇ ಇದೆಯಲ್ವಾ. ಬಯೋಸ್‌ಗೆ (ವಿಂಡೋಸ್ ಏಳುವ ಮೊದಲೇ ತೆರೆಯುವ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಪರದೆಗೆ) ಹೋಗಿ ವಿಂಡೋಸ್ ಬೂಟ್ ಮ್ಯಾನೇಜರ್ ಮೊದಲನೆಯದಾಗಿ ಇದೆಯಾ ನೋಡಿ. ಇದ್ದೂ ಆಗದಿದ್ದರೆ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಹಾಕಿ, ರಿಪೇರಿ ಆರಿಸಿ, ಸ್ಟಾರ್ಟಪ್ ರಿಪೇರಿ ಓಡಿಸಿ. ಅದೂ ಸೋತರೆ ಅಲ್ಲೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಿಸಿಡಿಬೂಟ್ ಕಮಾಂಡ್ ಇಎಫ್‌ಐ ಪಾರ್ಟಿಷನ್‌ಗೆ ಬೂಟ್ ಫೈಲ್‌ಗಳನ್ನು ಹೊಸದಾಗಿ ಬರೆಯುತ್ತದೆ. ನೀಲಿ ಪರದೆಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ಬಂದರೆ ವಿಷಯ ಬೇರೆ: ಹೊಸ ಡ್ರೈವ್ ಓದುವ ಡ್ರೈವರ್ ಬೂಟ್ ಹೊತ್ತಿಗೆ ಎದ್ದಿಲ್ಲ. ರಿಕವರಿ ಮೆನುವಿನಿಂದ ಒಮ್ಮೆ ಸೇಫ್ ಮೋಡ್‌ಗೆ ಹೋಗಿ, ಮತ್ತೆ ಮಾಮೂಲಿಯಾಗಿ ಶುರು ಮಾಡಿ. ಬಹಳ ಸಲ ಇಷ್ಟಕ್ಕೇ ಸರಿಯಾಗುತ್ತದೆ. ಇದರ ಮಧ್ಯೆ ಬಯೋಸ್‌ನಲ್ಲಿ ಎಎಚ್‌ಸಿಐ, ರೈಡ್ ಸೆಟ್ಟಿಂಗ್ (ಕಂಪ್ಯೂಟರ್ ಡಿಸ್ಕ್ ಜೊತೆ ಮಾತಾಡುವ ವಿಧಾನ) ಬದಲಿಸಬೇಡಿ, ಇದೇ ನೀಲಿ ಪರದೆ ಅದರಿಂದಲೂ ಬರುತ್ತದೆ.

ತುಂಬಾ ಹಳೆಯ ಕಂಪ್ಯೂಟರ್ ಆಗಿದ್ದು ಡಿಸ್ಕ್ ಎಂಬಿಆರ್ (ಪಾರ್ಟಿಷನ್ ಪಟ್ಟಿ ಇಡುವ ಹಳೆ ವಿಧಾನ) ಮಾದರಿಯಲ್ಲಿದ್ದರೆ, ಎನ್‌ವಿಎಂಇಗೆ ಹೋಗುವ ಮೊದಲು ಕಂಪ್ಯೂಟರ್ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಬೂಟ್ ಬಲ್ಲದಾ ಅಂತ ತಿಳಿದುಕೊಳ್ಳಿ. ಬಲ್ಲದಾದರೆ ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಡಿಸ್ಕನ್ನು ಹೊಸ ವಿಧಾನವಾದ ಜಿಪಿಟಿಗೆ ಬದಲಿಸಿ, ಬಯೋಸ್‌ನಲ್ಲಿ ಯುಇಎಫ್‌ಐ ಆರಿಸಿ, ಆಮೇಲೆ ಕ್ಲೋನ್ ಮಾಡಿ.

ಎರಡು ವಾರ ಹೊಸ ಡ್ರೈವ್‌ನಲ್ಲೇ ಕೆಲಸ ಮಾಡಿ, ಹಳೆಯದನ್ನು ಮುಟ್ಟಬೇಡಿ. ಆಮೇಲೆ ಅದನ್ನು ಜೋಡಿಸಿ, ಬಯೋಸ್‌ನಲ್ಲಿ ಎಸ್‌ಎಸ್‌ಡಿಯೇ ಮೊದಲಿದೆ ಅಂತ ಖಚಿತ ಮಾಡಿಕೊಂಡು ಅಳಿಸಿ. ಬಿಟ್‌ಲಾಕರ್ ತೆಗೆದಿದ್ದರೆ ಮತ್ತೆ ಆನ್ ಮಾಡಿ. ಇನ್ನೊಂದು ವಿಷಯ: ಆಪ್ಟಿಮೈಸ್ ಡ್ರೈವ್ಸ್ ತೆರೆದು, ಸಿ ಡ್ರೈವ್ ಎದುರು 'ಸಾಲಿಡ್ ಸ್ಟೇಟ್ ಡ್ರೈವ್' ಅಂತ ಬರೆದಿದೆಯಾ ನೋಡಿ. ಹಾಗಿದ್ದರೆ ವಿಂಡೋಸ್ ತಾನೇ ಟ್ರಿಮ್ (ಅಳಿಸಿದ ಜಾಗ ಖಾಲಿ ಎಂಬ ಸೂಚನೆ) ಕಳಿಸುತ್ತದೆ, ನೀವು ಫೈಲ್ ತುಣುಕುಗಳನ್ನು ಜೋಡಿಸುವ ಬೇರೆ ಡಿಫ್ರ್ಯಾಗ್ ತಂತ್ರಾಂಶ ಹಾಕಬೇಕಿಲ್ಲ.